ಕಚೇರಿಗೆ ಯಾವ ಫೋನ್ ವ್ಯವಸ್ಥೆ? ಇಪಿಎಬಿಎಕ್ಸ್, ಐಪಿ ಪಿಬಿಎಕ್ಸ್, ಕ್ಲೌಡ್ ಮತ್ತು ಇವುಗಳ ಬೆನ್ನಿಗಿರುವ ಸ್ವಿಚ್

ಇಪ್ಪತ್ತು ಜನರಿರುವ ಲೆಕ್ಕಪರಿಶೋಧಕರ ಕಚೇರಿಯಾಗಲಿ, ನೂರು ಕೊಠಡಿಗಳ ಹೋಟೆಲಾಗಲಿ, ಇಂದು ಮಾರಾಟಗಾರರು ಕೊಡುವ ಕೊಟೇಶನ್ ಬಹುಪಾಲು ಒಂದೇ ಬಗೆಯದು. ಎಲ್ಲ ಮೇಜಿಗೂ ಕಂಪ್ಯೂಟರ್ ಜಾಲದ ಮೂಲಕ ಮಾತನಾಡುವ ಐಪಿ ಫೋನ್, ರ‍್ಯಾಕ್‌ನಲ್ಲೊಂದು ಐಪಿ ಪಿಬಿಎಕ್ಸ್ (ಕಚೇರಿಯ ಫೋನ್‌ಗಳನ್ನು ಒಂದಕ್ಕೊಂದು ಮತ್ತು ಹೊರಗಿನ ಲೈನ್‌ಗಳಿಗೆ ಜೋಡಿಸುವ ಯಂತ್ರವೇ ಪಿಬಿಎಕ್ಸ್), ಅದೂ ಬೇಡವೆಂದರೆ ತಿಂಗಳ ಬಾಡಿಗೆಯ ಕ್ಲೌಡ್ ಸೇವೆ. ಅದೇ ಕೆಲಸವನ್ನು ಸಾದಾ ಫೋನ್ ತಂತಿಗಳಲ್ಲಿ ಮಾಡುವ, ಗೋಡೆಯ ಮೇಲಿರುವ ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಯನ್ನು ಗುಜರಿಗೆ ಕೊಟ್ಟುಬಿಡಿ ಎಂಬ ಸಲಹೆಯೂ ಅದರ ಜೊತೆಗೇ ಬರುತ್ತದೆ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬ್ರೋಷರ್‌ನಲ್ಲಿ ಪಟ್ಟಿ ಮಾಡಿದ ಸೌಲಭ್ಯಗಳನ್ನು ನೋಡಿ ಫೋನ್ ವ್ಯವಸ್ಥೆ ಕೊಂಡವರು ಆಮೇಲೆ ಅವುಗಳಲ್ಲಿ ನಾಲ್ಕೈದನ್ನು ಮಾತ್ರ ಬಳಸುತ್ತಾರೆ. ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಗೋಡೆಯೊಳಗೆ ಈಗ ಯಾವ ತಂತಿ ಇದೆ? ವಿದ್ಯುತ್ ಹೋದಾಗ ಯಾವ ಫೋನ್‌ಗಳು ಕೆಲಸ ಮಾಡಲೇಬೇಕು? ಕೆಟ್ಟರೆ ಯಾರು ಬಂದು ಸರಿಪಡಿಸುತ್ತಾರೆ?

ಈ ಮೂರಕ್ಕೆ ಉತ್ತರ ಸಿಕ್ಕರೆ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ಇಂದಿನ ಮಾರುಕಟ್ಟೆಯಲ್ಲಿರುವ ದಾರಿಗಳು ನಾಲ್ಕು: ಅನಲಾಗ್ ಇಪಿಎಬಿಎಕ್ಸ್, ಅನಲಾಗ್, ಡಿಜಿಟಲ್ ಮತ್ತು ಐಪಿ ಮೂರನ್ನೂ ಬೆರೆಸಿದ ಹೈಬ್ರಿಡ್ ವ್ಯವಸ್ಥೆ, ಶುದ್ಧ ಐಪಿ ಪಿಬಿಎಕ್ಸ್, ಕ್ಲೌಡ್. ಒಂದೊಂದರ ಹಿಂದೆಯೂ ಒಂದೊಂದು ಕಾಲದ ಆವಿಷ್ಕಾರವಿದೆ. ಆ ಆವಿಷ್ಕಾರ ಯಾವ ಕಷ್ಟವನ್ನು ಬಗೆಹರಿಸಲು ಬಂತು ಎಂದು ತಿಳಿದರೆ, ನಿಮ್ಮ ಕಚೇರಿಯಲ್ಲಿ ಆ ಕಷ್ಟ ಇದೆಯೇ ಎಂದು ಅಳೆಯುವುದು ಸುಲಭ.

ಅನಲಾಗ್: ಎರಡು ತಂತಿ, ದೂರದ ಬ್ಯಾಟರಿ

ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ, ಫೋನ್ ಕರೆಗಳನ್ನು ತಾನೇ ಜೋಡಿಸುವ ಸ್ವಯಂಚಾಲಿತ ಸ್ವಿಚ್ 1892ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಿನಲ್ಲಿ ಕೆಲಸ ಆರಂಭಿಸಿತು. ಅದೇ ದಶಕದಲ್ಲಿ ಕೇಂದ್ರ ಬ್ಯಾಟರಿ ಪದ್ಧತಿಯೂ ಬಂತು: ಪ್ರತಿ ಫೋನಿನಲ್ಲೂ ಬ್ಯಾಟರಿ ಇಡುವ ಬದಲು ಎಕ್ಸ್‌ಚೇಂಜಿನಲ್ಲಿ ಒಂದೇ ದೊಡ್ಡ ಬ್ಯಾಟರಿ ಇಟ್ಟು, ಮಾತು ಸಾಗುವ ಎರಡು ತಾಮ್ರದ ತಂತಿಗಳಲ್ಲೇ ವಿದ್ಯುತ್ತನ್ನೂ ಕಳುಹಿಸುವುದು. ಸ್ಟ್ರೌಜರ್ ಸ್ವಿಚ್ ಕಾಲವಾಗಿ ದಶಕಗಳೇ ಕಳೆದಿವೆ, ಕೇಂದ್ರ ಬ್ಯಾಟರಿಯ ಉಪಾಯ ಮಾತ್ರ ಇಂದಿನ ಇಪಿಎಬಿಎಕ್ಸ್‌ನಲ್ಲೂ ಹಾಗೆಯೇ ಉಳಿದಿದೆ. ನಿಮ್ಮ ಮೇಜಿನ ಸಾದಾ ಫೋನಿಗೆ ಅಡಾಪ್ಟರ್ ಬೇಡ, ಯುಪಿಎಸ್ ಬೇಡ. ಪೆಟ್ಟಿಗೆಗೆ ಬ್ಯಾಟರಿ ಇದ್ದರೆ ಎಲ್ಲ ಎಕ್ಸ್‌ಟೆನ್ಷನ್‌ಗಳಿಗೂ ಜೀವ ಇರುತ್ತದೆ.

ಆ ಪೆಟ್ಟಿಗೆಯ ಮುಚ್ಚಳ ತೆಗೆದು ಒಂದು ಎಕ್ಸ್‌ಟೆನ್ಷನ್ ಕಾರ್ಡ್ ಹೊರಗೆ ಎಳೆದು ನೋಡಿ. ಸಾಮಾನ್ಯವಾಗಿ 8 ಅಥವಾ 16 ಪೋರ್ಟ್‌ಗಳ ಕಾರ್ಡ್ ಅದು. ಪ್ರತಿ ಪೋರ್ಟ್ ಏಳು ಕೆಲಸ ಮಾಡುತ್ತದೆ: ಫೋನಿಗೆ ವಿದ್ಯುತ್ ಕೊಡುವುದು, ಸಿಡಿಲಿನಂಥ ಹೆಚ್ಚಿನ ವೋಲ್ಟೇಜ್ ತಡೆಯುವುದು, ಸುಮಾರು 75 ವೋಲ್ಟ್ ಎಸಿ ಹಾಯಿಸಿ ಗಂಟೆ ಬಾರಿಸುವುದು, ರಿಸೀವರ್ ಎತ್ತಿದ್ದನ್ನು ಗುರುತಿಸುವುದು, ಮಾತನ್ನು ಅಂಕಿಗಳಾಗಿ ಬದಲಿಸುವುದು, ಎರಡು ತಂತಿಯಲ್ಲಿ ಹೋಗಿಬರುವ ಮಾತನ್ನು ಎರಡು ದಿಕ್ಕಿಗೆ ಬೇರ್ಪಡಿಸುವುದು, ಲೈನ್ ಪರೀಕ್ಷಿಸಲು ಅವಕಾಶ ಕೊಡುವುದು. ಅನಲಾಗ್ ವ್ಯವಸ್ಥೆಯ ಬೆಲೆ ಹೆಚ್ಚಾಗಿ ಇರುವುದು ಈ ಕಾರ್ಡ್‌ಗಳಲ್ಲೇ. ಆದ್ದರಿಂದ ಪೆಟ್ಟಿಗೆಯ ಬೆಲೆ ಮಾತ್ರ ಕೇಳಿ ಸುಮ್ಮನಾಗಬೇಡಿ. ಬಿಡಿ ಕಾರ್ಡ್ ಎಷ್ಟಕ್ಕೆ ಸಿಗುತ್ತದೆ, ಎಷ್ಟು ವರ್ಷ ಸಿಗುತ್ತದೆ ಎಂದು ಕೇಳಿ.

ದೂರದ ವಿಷಯದಲ್ಲಿ ಅನಲಾಗ್ ಫೋನನ್ನು ಮೀರಿಸುವುದು ಕಷ್ಟ. 0.5 ಮಿಲಿಮೀಟರ್ ತಾಮ್ರದ ಜೋಡಿ ತಂತಿ ಒಂದು ಕಿಲೋಮೀಟರ್ ಹೋಗಿಬಂದರೆ ಸುಮಾರು 175 ಓಮ್ ಪ್ರತಿರೋಧ ಒಡ್ಡುತ್ತದೆ. ಬಹುತೇಕ ಪೆಟ್ಟಿಗೆಗಳು ಫೋನನ್ನೂ ಸೇರಿಸಿ 600 ಓಮ್ ಅಥವಾ ಅದಕ್ಕಿಂತ ಹೆಚ್ಚನ್ನು ತಾಳಿಕೊಳ್ಳುತ್ತವೆ. ಎಂದರೆ ಒಂದು ಕಿಲೋಮೀಟರ್ ಆಚೆಯ ಗೇಟಿಗೂ ನೀರಿನ ಪಂಪ್‌ಹೌಸಿಗೂ ಬರಿಯ ಎರಡು ತಂತಿ ಎಳೆದರೆ ಸಾಕು. ಕಂಪ್ಯೂಟರ್, ಐಪಿ ಫೋನ್‌ಗಳಿಗೆ ಎಳೆಯುವ ಈಥರ್ನೆಟ್ ಕೇಬಲ್ಲಿನ ಮಿತಿ 100 ಮೀಟರ್. ಸಕ್ಕರೆ ಕಾರ್ಖಾನೆ, ಕಾಫಿ ಎಸ್ಟೇಟ್, ವಿಸ್ತಾರವಾದ ಕಾಲೇಜು ಆವರಣ ಇರುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಕೊರತೆಗಳೂ ಇವೆ. ಕರೆ ಬಂದಾಗ ಹೆಸರು ಕಾಣಿಸುವುದು, ಫೋನಿನ ಗುಂಡಿಯ ದೀಪ ನೋಡಿ ಸಹೋದ್ಯೋಗಿ ಮಾತನಾಡುತ್ತಿದ್ದಾರೆಯೇ ಎಂದು ತಿಳಿಯುವುದು, ಮನೆಯಲ್ಲಿ ಕುಳಿತು ಅದೇ ಎಕ್ಸ್‌ಟೆನ್ಷನ್ ಬಳಸುವುದು ಇವೆಲ್ಲ ಸಾದಾ ಫೋನಿನಲ್ಲಿ ಇಲ್ಲ ಅಥವಾ ಅರೆಬರೆ. ಮಾತಿನ ಗುಣಮಟ್ಟವೂ 300ರಿಂದ 3400 ಹರ್ಟ್ಸ್‌ನ ಹಳೆಯ ಚೌಕಟ್ಟಿನೊಳಗೇ ಇರುತ್ತದೆ. ಮಲೆನಾಡು, ಕರಾವಳಿಯಲ್ಲಿ ಮುಂಗಾರಿಗೆ ಮೊದಲಿನ ಸಿಡಿಲಿನ ದಿನಗಳಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ತೆರೆದ ಜಾಗದಲ್ಲಿ ಎಳೆದ ತಂತಿ ದೊಡ್ಡ ಅಪಾಯ. ಅಂಥ ಕಡೆ, ತಂತಿಗಳೆಲ್ಲ ಬಂದು ಸೇರುವ ಟ್ಯಾಗ್ ಬ್ಲಾಕ್‌ಗೆ ಅನಿಲ ತುಂಬಿದ ಸಿಡಿಲು ರಕ್ಷಕಗಳನ್ನು ಕೂರಿಸಿ, ಅವುಗಳ ಅರ್ಥಿಂಗ್ ತಂತಿಯನ್ನು ಒಳ್ಳೆಯ ಭೂಸಂಪರ್ಕಕ್ಕೆ ಸೇರಿಸುವುದು ಕಡ್ಡಾಯ. ರಕ್ಷಕ ಇದ್ದೂ ಅರ್ಥಿಂಗ್ ಇಲ್ಲದ ಪೆಟ್ಟಿಗೆಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಆ ರಕ್ಷಕದಿಂದ ಯಾವ ಪ್ರಯೋಜನವೂ ಇಲ್ಲ.

ಅನಲಾಗ್ ಪೆಟ್ಟಿಗೆಯ ಇನ್ನೊಂದು ಗುಣವನ್ನು ಯಾವ ಬ್ರೋಷರೂ ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ. ಒಳಗಿನ ಒಂದು ರಿಲೇ, ವಿದ್ಯುತ್ ಪೂರ್ತಿ ಹೋದಾಗ ತಾನಾಗಿಯೇ ಬಿಟ್ಟುಕೊಂಡು ಹೊರಗಿನ ಲೈನನ್ನು ನೇರವಾಗಿ ಒಂದು ನಿಗದಿತ ಫೋನಿಗೆ ಜೋಡಿಸುತ್ತದೆ. ಬ್ಯಾಟರಿಯೂ ಮುಗಿದು ಪೆಟ್ಟಿಗೆ ಸತ್ತುಹೋದರೂ ತಾಮ್ರದ ಲೈನ್ ಇರುವ ಕಡೆ ಆ ಒಂದು ಫೋನ್ ಮಾತನಾಡುತ್ತದೆ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಇದಕ್ಕಿಂತ ಅಗ್ಗದ ಭದ್ರತೆ ಬೇರೆ ಇಲ್ಲ. ಹೊರಗಿನ ಲೈನ್ ಫೈಬರ್ ಮೂಲಕ ಮನೆಯೊಳಗಿನ ಮೋಡೆಮ್ಮಿಗೆ ಬಂದು ಅಲ್ಲಿಂದ ಫೋನಿಗೆ ಬರುತ್ತಿದ್ದರೆ ಮಾತ್ರ ಆ ಮೋಡೆಮ್ಮಿಗೂ ಯುಪಿಎಸ್ ಬೇಕಾಗುತ್ತದೆ.

ಹೈಬ್ರಿಡ್: ಅನೇಕರಿಗೆ ಸಾಕಾಗುವ ದಾರಿ

ಹೈಬ್ರಿಡ್ ಪೆಟ್ಟಿಗೆಗೆ ಆಧಾರ ಡಿಜಿಟಲ್ ಪಿಬಿಎಕ್ಸ್. ಮಾತನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ 64 ಕಿಲೋಬಿಟ್‌ಗಳ ಹರಿವು ಸಿಗುತ್ತದೆ. ಅಂಥ 32 ಹರಿವುಗಳನ್ನು ಒಂದರ ಹಿಂದೆ ಒಂದು ಕಾಲಸರತಿಯಲ್ಲಿ ಇಟ್ಟರೆ ಸೆಕೆಂಡಿಗೆ 2.048 ಮೆಗಾಬಿಟ್‌ನ ಒಂದು ಕೊಂಡಿ. ಅದರಲ್ಲಿ ಒಂದು ಸರತಿ ತಾಳಮೇಳಕ್ಕೆ, ಇನ್ನೊಂದು ಸಂಜ್ಞೆಗಳಿಗೆ, ಉಳಿದ 30 ಮಾತಿಗೆ. ಟೆಲಿಫೋನ್ ಕಂಪನಿಗಳು ಪಿಆರ್‌ಐ ಎಂದು ಕೊಡುವ ಲೈನ್ ಇದೇ. ಡಿಜಿಟಲ್ ಪಿಬಿಎಕ್ಸ್ ಮಾಡುವ ಮುಖ್ಯ ಕೆಲಸ ಈ ಕಾಲಸರತಿಗಳನ್ನು ಅದಲುಬದಲು ಮಾಡುವುದು: ಮೂರನೆಯ ಸರತಿಯಲ್ಲಿ ಬಂದ ಮಾತನ್ನು ನೆನಪಿನಲ್ಲಿಟ್ಟು ಹನ್ನೊಂದನೆಯ ಸರತಿಯಲ್ಲಿ ಹೊರಗೆ ಬಿಟ್ಟರೆ ಕರೆ ಸೇರಿದಂತೆ. ಲೋಹದ ಕೈಗಳು ತಿರುಗುವ, ತೊಲೆಗಳು ಅಡ್ಡಲಾಗಿ ಕೂಡುವ ಯಂತ್ರಗಳೆಲ್ಲ ಇದರ ಮುಂದೆ ಅನಗತ್ಯವಾದವು.

ಅಮೆರಿಕದಲ್ಲಿ 1968ರ ಕಾರ್ಟರ್‌ಫೋನ್ ತೀರ್ಪು ಬೇರೆ ಕಂಪನಿಗಳ ಉಪಕರಣಗಳನ್ನು ಟೆಲಿಫೋನ್ ಜಾಲಕ್ಕೆ ಜೋಡಿಸಲು ಬಾಗಿಲು ತೆರೆಯಿತು. 1975ರಲ್ಲಿ ರೋಲ್ಮ್ ಕಂಪನಿಯ ಸಿಬಿಎಕ್ಸ್, ನಾರ್ದರ್ನ್ ಟೆಲಿಕಾಂನ ಎಸ್ಎಲ್-1 ಎಂಬ ಗಣಕ ನಿಯಂತ್ರಿತ ಪಿಬಿಎಕ್ಸ್‌ಗಳು ಬಂದವು. ಭಾರತದಲ್ಲಿ ಆ ಕ್ರಾಂತಿಗೆ ಒಂದು ದಶಕ ತಡವಾಯಿತು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಸ್ಟ್ರೌಜರ್ ಮತ್ತು ಆನಂತರ ಕ್ರಾಸ್‌ಬಾರ್ ಎಕ್ಸ್‌ಚೇಂಜ್‌ಗಳನ್ನು ತಯಾರಿಸುತ್ತಿತ್ತು. 1984ರಲ್ಲಿ ಹುಟ್ಟಿದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಕೇಂದ್ರವಾದ ಸಿ-ಡಾಟ್ ಸಂಸ್ಥೆಯ ಎಂಜಿನಿಯರ್‌ಗಳು ದೆಹಲಿ ಮತ್ತು ಬೆಂಗಳೂರಿನಲ್ಲಿ ಕುಳಿತು 128 ಪೋರ್ಟ್‌ಗಳ ಡಿಜಿಟಲ್ ಸ್ವಿಚ್ ವಿನ್ಯಾಸಗೊಳಿಸಿದರು. ಅದರ ಗ್ರಾಮೀಣ ರೂಪ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ದೂಳು ಮತ್ತು ಸೆಖೆಯ ನಡುವೆ ನಡೆಯಬೇಕೆಂದೇ ಅದನ್ನು ರೂಪಿಸಿದ್ದರು. ಅದೇ ವಿನ್ಯಾಸದ ಕಚೇರಿ ರೂಪವನ್ನು ಹಲವು ಖಾಸಗಿ ತಯಾರಕರಿಗೆ ಪರವಾನಗಿಯ ಮೇಲೆ ಕೊಡಲಾಯಿತು. ಭಾರತದ ಕಚೇರಿಗಳಲ್ಲಿ ಇಪಿಎಬಿಎಕ್ಸ್ ಮನೆಮಾತಾದದ್ದರಲ್ಲಿ ಇದರ ಪಾಲು ದೊಡ್ಡದು. ಇದನ್ನು ನೆನೆದಾಗ ನನಗೆ ಇಂದಿಗೂ ಹೆಮ್ಮೆಯಾಗುತ್ತದೆ. ಕೊಳ್ಳುವವರಿಗೂ ಇದರಲ್ಲೊಂದು ಪಾಠವಿದೆ: ಸರ್ವರ್ ಕೋಣೆಯ ತಂಪನ್ನು ಬೇಡುವ ಉಪಕರಣಕ್ಕೂ ಮೆಟ್ಟಿಲ ಕೆಳಗೆ ಇಟ್ಟರೂ ನಡೆಯುವ ಉಪಕರಣಕ್ಕೂ ಇರುವ ವ್ಯತ್ಯಾಸ ತುಮಕೂರಿನ ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ. ಉಪಕರಣ ಎಷ್ಟು ಉಷ್ಣಾಂಶದವರೆಗೆ ಕೆಲಸ ಮಾಡುತ್ತದೆ ಎಂಬ ಸಾಲನ್ನು ವಿವರಪಟ್ಟಿಯಲ್ಲಿ ಹುಡುಕಿ ಓದಿ.

ಇಂದಿನ ಹೈಬ್ರಿಡ್ ಪೆಟ್ಟಿಗೆಯಲ್ಲಿ ಅನಲಾಗ್ ಕಾರ್ಡ್, ಪಿಆರ್‌ಐ ಕಾರ್ಡ್, ಐಪಿ ಎಕ್ಸ್‌ಟೆನ್ಷನ್‌ಗಳ ಪರವಾನಗಿ ಎಲ್ಲವೂ ಒಟ್ಟಿಗೆ ಇರುತ್ತವೆ. ಗೇಟು, ಅಡುಗೆಮನೆ, ಗೋದಾಮು, ಲಿಫ್ಟ್, ಫ್ಯಾಕ್ಸ್ ಇವಕ್ಕೆ ಅನಲಾಗ್; ರಿಸೆಪ್ಶನ್, ಲೆಕ್ಕಪತ್ರ ವಿಭಾಗ, ಮ್ಯಾನೇಜರ್ ಮೇಜಿಗೆ ಐಪಿ. ಹೋಟೆಲ್, ಆಸ್ಪತ್ರೆ, ಕಾರ್ಖಾನೆ, ಕಾಲೇಜುಗಳಿಗೆ ನನ್ನ ಮೊದಲ ಸಲಹೆ ಇದೇ.

ಒಂದು ಎಚ್ಚರಿಕೆ ಹೇಳಬೇಕು. ಡಿಜಿಟಲ್ ಕೀ-ಫೋನ್ ಎಂದು ಮಾರುವ, ಪರದೆ ಮತ್ತು ಗುಂಡಿಗಳಿರುವ ಫೋನ್‌ಗಳು ಅದೇ ತಯಾರಕರ ಪೆಟ್ಟಿಗೆಗೆ ಮಾತ್ರ ಕೂಡುತ್ತವೆ. ಪೆಟ್ಟಿಗೆ ಬದಲಾದರೆ ಫೋನ್‌ಗಳೂ ಹೋಗಬೇಕು. ಪ್ಯಾನಾಸೋನಿಕ್‌ನಂಥ ದೊಡ್ಡ ಕಂಪನಿಯೇ ಪಿಬಿಎಕ್ಸ್ ವ್ಯವಹಾರದಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿದ ಮೇಲೆ ಈ ಮಾತಿಗೆ ತೂಕ ಹೆಚ್ಚಿದೆ. ಸಾದಾ ಅನಲಾಗ್ ಫೋನ್ ಅಥವಾ ಬೇರೆ ಬೇರೆ ತಯಾರಕರ ಪೆಟ್ಟಿಗೆಗಳಿಗೆ ಕೂಡುವ ಸಿಪ್ ಮಾನದಂಡದ ಐಪಿ ಫೋನ್, ಈ ಎರಡರಲ್ಲಿ ಒಂದನ್ನೇ ಕೊಳ್ಳಿ.

ಎಷ್ಟು ಲೈನ್ ಬೇಕು?

ಪೆಟ್ಟಿಗೆ ಯಾವುದೇ ಇರಲಿ, ಹೊರಗಿನ ಲೈನ್‌ಗಳ ಲೆಕ್ಕ ಒಂದೇ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ನಡೆಯುತ್ತದೆ. 50 ಜನರ ಕಚೇರಿಯಲ್ಲಿ, ದಿನದ ಅತಿ ಬಿಡುವಿಲ್ಲದ ಒಂದು ಗಂಟೆಯಲ್ಲಿ ಪ್ರತಿಯೊಬ್ಬರೂ ಹೊರಗಿನವರೊಡನೆ ಸರಾಸರಿ 6 ನಿಮಿಷ ಮಾತನಾಡುತ್ತಾರೆ ಎಂದುಕೊಳ್ಳಿ. ಒಟ್ಟು 300 ನಿಮಿಷ, ಆ ಒಂದು ಗಂಟೆಯಲ್ಲಿ 5 ಗಂಟೆಗಳ ಮಾತು, ಎಂದರೆ ಆತನ ಹೆಸರಿನ ಅಳತೆಯಲ್ಲಿ 5 ಎರ್ಲಾಂಗ್. ನೂರು ಕರೆಗಳಲ್ಲಿ ಒಂದಕ್ಕಿಂತ ಹೆಚ್ಚಿಗೆ ಲೈನ್ ಸಿಗದೆ ಹೋಗಬಾರದು ಎಂದಾದರೆ 11 ಲೈನ್ ಬೇಕು. ಸಿಬ್ಬಂದಿ ನಾಲ್ಕು ಪಟ್ಟಾಗಿ 200 ಜನರಾದರೆ 44 ಬೇಕಾಗುವುದಿಲ್ಲ, 30 ಸಾಕು. ಒಂದು ಪಿಆರ್‌ಐ ಸರಿಯಾಗಿ ಹೊಂದುತ್ತದೆ. ದೊಡ್ಡ ಗುಂಪು ಲೈನ್‌ಗಳನ್ನು ಹೆಚ್ಚು ಚೆನ್ನಾಗಿ ಹಂಚಿಕೊಳ್ಳುತ್ತದೆ ಎಂಬುದು ಆ ಸೂತ್ರದ ಸಾರ. ಇಲಾಖೆಗೊಂದರಂತೆ ಪ್ರತ್ಯೇಕ ಲೈನ್ ಕಟ್ಟಿಟ್ಟಿರುವ ಕಚೇರಿಗಳು ಅವನ್ನು ಒಟ್ಟುಗೂಡಿಸಿದರೆ ಬಾಡಿಗೆ ಕಡಿಮೆಯಾಗುತ್ತದೆ.

ಕರೆ ಕೇಂದ್ರಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಮಾತು ನಿಲ್ಲುವುದೇ ಇಲ್ಲ, ಕರೆಗಳು ಸರದಿಯಲ್ಲೂ ಕಾಯುತ್ತವೆ. ಅದು ಬೇರೆಯದೇ ವಿಷಯ.

ಐಪಿ ಪಿಬಿಎಕ್ಸ್: ಪೆಟ್ಟಿಗೆ ಸಣ್ಣದಾಯಿತು, ಭಾರ ಜಾಲದ ಮೇಲೆ ಬಿತ್ತು

ಐಪಿ ವ್ಯವಸ್ಥೆಯಲ್ಲಿ ಎಕ್ಸ್‌ಟೆನ್ಷನ್ ಕಾರ್ಡ್‌ಗಳಿಲ್ಲ. ಮಾತನ್ನು ಅಂಕಿಯಾಗಿಸುವ ಕೆಲಸ ಫೋನಿಗೇ ಹೋಗಿದೆ, ಕರೆ ಜೋಡಿಸುವ ಕೆಲಸ ಒಂದು ತಂತ್ರಾಂಶಕ್ಕೆ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಆರಂಭಿಸಿದ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶ ಸಾದಾ ಕಂಪ್ಯೂಟರನ್ನೇ ಪಿಬಿಎಕ್ಸ್ ಮಾಡಿಬಿಟ್ಟಿತು. ಬೇರೆ ಬೇರೆ ತಯಾರಕರ ಫೋನ್‌ಗಳು ಪರಸ್ಪರ ಮಾತನಾಡಲು ಸಿಪ್ ಮಾನದಂಡ ದಾರಿ ಮಾಡಿತು. ಹಾಗಾಗಿ ಪೆಟ್ಟಿಗೆಯ ಬೆಲೆ ಇಳಿಯಿತು. ಮೇಜು ಬದಲಿಸಿದರೂ ಎಕ್ಸ್‌ಟೆನ್ಷನ್ ಸಂಖ್ಯೆ ಫೋನಿನ ಜೊತೆಗೇ ಹೋಗುತ್ತದೆ. ಟ್ಯಾಗ್ ಬ್ಲಾಕ್ ಮುಂದೆ ಪಂಚಿಂಗ್ ಟೂಲ್ ಹಿಡಿದು ಜಂಪರ್ ವೈರ್ ಬದಲಿಸುವ ಕೆಲಸವಿಲ್ಲ. ಮೊಬೈಲಿನಲ್ಲೇ ಎಕ್ಸ್‌ಟೆನ್ಷನ್ ಇಟ್ಟುಕೊಳ್ಳಬಹುದು. 7 ಕಿಲೋಹರ್ಟ್ಸ್‌ವರೆಗಿನ ಅಗಲವಾದ ಧ್ವನಿ ಸಿಗುತ್ತದೆ. ಹೆಸರು, ವಿಳಾಸ ಬರೆದುಕೊಳ್ಳುವವರಿಗೆ 'ಸ'ಕಾರ, 'ಫ'ಕಾರಗಳು ಬಿಡಿಬಿಡಿಯಾಗಿ ಕೇಳುವುದೇ ದೊಡ್ಡ ಉಪಕಾರ.

ಹೆಚ್ಚಿನವರು ಹೆದರುವುದು ಇಂಟರ್ನೆಟ್ ವೇಗ ಸಾಕಾಗುವುದೇ ಎಂದು. ಅದಕ್ಕೆ ಹೆದರಬೇಕಿಲ್ಲ. ಮಾತಿನ 64 ಕಿಲೋಬಿಟ್‌ಗಳನ್ನು ಸೆಕೆಂಡಿಗೆ 50 ಪ್ಯಾಕೆಟ್‌ಗಳಾಗಿ ಕಟ್ಟಿ, ಪ್ರತಿಯೊಂದಕ್ಕೂ ವಿಳಾಸದ ಹೊರೆ ಹೊರಿಸಿದರೂ ಈಥರ್ನೆಟ್ ಮೇಲೆ ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಸುಮಾರು 87 ಕಿಲೋಬಿಟ್ ಮಾತ್ರ. ಹತ್ತು ಕರೆಗಳು ಒಟ್ಟಿಗೆ ನಡೆದರೂ ಒಂದು ಮೆಗಾಬಿಟ್ ದಾಟುವುದಿಲ್ಲ. ನಿಜವಾದ ತೊಂದರೆ ವಿಳಂಬ ಮತ್ತು ಏರುಪೇರು. ಮಾತು ಒಂದು ಬಾಯಿಂದ ಇನ್ನೊಂದು ಕಿವಿಗೆ ತಲುಪಲು 150 ಮಿಲಿಸೆಕೆಂಡ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಯಾರೋ ದೊಡ್ಡ ಫೈಲ್ ಮೇಲೇರಿಸುತ್ತಿರುವಾಗ ರೂಟರಿನ ಸಾಲಿನಲ್ಲಿ ಮಾತಿನ ಪ್ಯಾಕೆಟ್‌ಗಳು ಅದರ ಹಿಂದೆ ಸಿಕ್ಕಿಕೊಂಡರೆ 100 ಮೆಗಾಬಿಟ್ ಸಂಪರ್ಕವಿದ್ದರೂ ಮಾತು ಕತ್ತರಿಸಿದಂತೆ ಕೇಳುತ್ತದೆ. ಮಾತಿಗೆ ಮೊದಲ ಆದ್ಯತೆ ಕೊಡುವ ರೂಟರ್ ಮತ್ತು ಜಾಲದ ಕೇಬಲ್‌ಗಳೆಲ್ಲ ಕೂಡುವ ಡೇಟಾ ಸ್ವಿಚ್ ಇಲ್ಲದೆ ಐಪಿ ಪಿಬಿಎಕ್ಸ್ ಕೊಳ್ಳಬಾರದು. ಮಾರಾಟಗಾರರ ಕೊಟೇಶನ್‌ನಲ್ಲಿ ಪಿಬಿಎಕ್ಸ್‌ಗೆ ಎರಡು ಪುಟ ವಿವರ ಇದ್ದು ಸ್ವಿಚ್‌ಗೆ '24 ಪೋರ್ಟ್, ಒಂದು' ಎಂಬ ಒಂದೇ ಸಾಲು ಇದ್ದರೆ ಅದನ್ನು ವಾಪಸು ಕಳುಹಿಸಿ.

ಡೇಟಾ ಸ್ವಿಚ್: ಹಣ ಉಳಿಸಬಾರದ ಜಾಗ

1973ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ರೂಪಿಸಿದ ಈಥರ್ನೆಟ್‌ನಲ್ಲಿ ಎಲ್ಲ ಯಂತ್ರಗಳೂ ಒಂದೇ ದಪ್ಪ ಕೇಬಲ್ಲನ್ನು ಹಂಚಿಕೊಳ್ಳುತ್ತಿದ್ದವು. ಇಬ್ಬರು ಒಟ್ಟಿಗೆ ಕಳುಹಿಸಿದರೆ ಡಿಕ್ಕಿ. 1990ರಲ್ಲಿ ಎರಡು ಬದಲಾವಣೆಗಳು ಬಂದವು. ಕಚೇರಿಯ ಟೆಲಿಫೋನ್ ತಂತಿಗಳಂತೆ ಪ್ರತಿ ಮೇಜಿನಿಂದ ಒಂದು ತಿರುಚಿದ ಜೋಡಿ ತಂತಿ ಮಧ್ಯದ ಪೆಟ್ಟಿಗೆಗೆ ಬರುವ ಪದ್ಧತಿ ಮಾನದಂಡವಾಯಿತು. ಅದೇ ವರ್ಷ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಕಟ್ಟಿದ ಕಲ್ಪನಾ ಎಂಬ ಕಂಪನಿ ಏಳು ಪೋರ್ಟ್‌ಗಳ ಈಥರ್‌ಸ್ವಿಚ್ ತಂದಿತು. ಬಂದದ್ದನ್ನು ಎಲ್ಲ ಪೋರ್ಟ್‌ಗಳಿಗೂ ಕೂಗಿ ಹೇಳುವ ಹಬ್‌ನ ಬದಲು, ಯಾವ ವಿಳಾಸ ಯಾವ ಪೋರ್ಟ್‌ನಲ್ಲಿದೆ ಎಂದು ಕಲಿತು ಅಲ್ಲಿಗೇ ಕಳುಹಿಸುವ ಯಂತ್ರ ಅದು. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡುಕೊಂಡಿತು. ಟೆಲಿಫೋನ್ ಎಕ್ಸ್‌ಚೇಂಜಿನ ಮೂಲ ವಿಚಾರ ಡೇಟಾ ಜಾಲಕ್ಕೆ ದಾಟಿದ್ದು ಆಗ. ಇಂದು ನಿಮ್ಮ ಕಚೇರಿಯ ಫೋನ್ ವ್ಯವಸ್ಥೆ ಎಷ್ಟು ಗಟ್ಟಿ ಎಂಬುದು ಈ ಯಂತ್ರ ಎಷ್ಟು ಗಟ್ಟಿ ಎಂಬುದರ ಮೇಲೆ ನಿಂತಿದೆ.

ಒಳಗಿನ ಹೊಂದಿಕೆಗಳನ್ನು ನಾವೇ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ ಬೇಕೇ, ಸಾದಾ ಸ್ವಿಚ್ ಸಾಕೇ? ಫೋನ್‌ಗಳು ಐಪಿ ಆಗಿದ್ದರೆ ಮ್ಯಾನೇಜ್ಡ್ ಬೇಕೇ ಬೇಕು. ಕಾರಣ ಹೀಗಿದೆ. ಐಪಿ ಫೋನಿನ ಬೆನ್ನಿನಲ್ಲಿ ಎರಡು ಸಾಕೆಟ್‌ಗಳಿರುತ್ತವೆ. ಒಂದು ಗೋಡೆಗೆ, ಇನ್ನೊಂದು ಕಂಪ್ಯೂಟರಿಗೆ. ಮೇಜು ಜರುಗಿಸಿದವರು ಆ ಎರಡನ್ನೂ ಗೋಡೆಯ ಎರಡು ಸಾಕೆಟ್‌ಗಳಿಗೆ ಚುಚ್ಚಿಬಿಟ್ಟರೆ ಜಾಲದಲ್ಲಿ ಸುತ್ತು ಉಂಟಾಗುತ್ತದೆ. ಎಲ್ಲರಿಗೂ ಹೋಗಬೇಕಾದ ಒಂದು ಪ್ಯಾಕೆಟ್ ಆ ಸುತ್ತಿನಲ್ಲಿ ಸಿಕ್ಕಿ ಮತ್ತೆ ಮತ್ತೆ ಪ್ರತಿಯಾಗುತ್ತಾ ಕೆಲವೇ ಸೆಕೆಂಡುಗಳಲ್ಲಿ ಇಡೀ ಕಚೇರಿಯ ಜಾಲವನ್ನು ತುಂಬಿಬಿಡುತ್ತದೆ. ಸ್ವಿಚ್‌ನ ದೀಪಗಳೆಲ್ಲ ಒಂದೇ ಸಮನೆ ಮಿಣುಗುತ್ತವೆ, ಫೋನ್‌ಗಳೂ ಕಂಪ್ಯೂಟರ್‌ಗಳೂ ಒಟ್ಟಿಗೆ ಮೂಕವಾಗುತ್ತವೆ, ಎಲ್ಲಿ ತಪ್ಪಾಗಿದೆ ಎಂದು ಹುಡುಕಲು ಒಂದೊಂದೇ ಕೇಬಲ್ ಕೀಳಬೇಕಾಗುತ್ತದೆ. ರೇಡಿಯಾ ಪರ್ಲ್‌ಮನ್ 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್‌ನಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನ ಇಂಥ ಸುತ್ತನ್ನು ತಾನೇ ಪತ್ತೆಮಾಡಿ ಆ ಪೋರ್ಟನ್ನು ಮುಚ್ಚುತ್ತದೆ. ಅಗ್ಗದ ಸಾದಾ ಸ್ವಿಚ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಮಾತು ಮತ್ತು ಡೇಟಾವನ್ನು, ಒಂದೇ ಸ್ವಿಚ್‌ನೊಳಗೆ ಬೇರೆ ಬೇರೆ ಜಾಲಗಳಂತೆ ನಡೆಯುವ ಪ್ರತ್ಯೇಕ ವಿಎಲ್ಎಎನ್‌ಗಳಲ್ಲಿ ಇಟ್ಟು ಮಾತಿಗೆ ಮೇಲಿನ ಆದ್ಯತೆ ಕೊಡುವ ಸೌಲಭ್ಯವೂ ಮ್ಯಾನೇಜ್ಡ್ ಸ್ವಿಚ್‌ನಲ್ಲೇ ಸಿಗುವುದು.

ಫೋನ್‌ಗಳೆಲ್ಲ ಅನಲಾಗ್ ಆಗಿಯೇ ಉಳಿಯುವ ಸಣ್ಣ ಕಚೇರಿಗೆ ಸಾದಾ ಗಿಗಾಬಿಟ್ ಸ್ವಿಚ್ ಸಾಕು.

ಇನ್ನು ಪಿಒಇ, ಎಂದರೆ ಡೇಟಾ ಕೇಬಲ್ಲಿನಲ್ಲೇ ಫೋನಿಗೆ ವಿದ್ಯುತ್ತನ್ನೂ ಕಳುಹಿಸುವುದು. ಕೇಂದ್ರ ಬ್ಯಾಟರಿಯ ಹಳೆಯ ಉಪಾಯವೇ 2003ರಲ್ಲಿ ಈಥರ್ನೆಟ್‌ಗೆ ಮಾನದಂಡವಾಗಿ ಮರಳಿ ಬಂತು. ಇದರ ಕೆಲಸದ ರೀತಿ ಸೊಗಸಾಗಿದೆ. ಕೇಬಲ್ ಚುಚ್ಚಿದ ತಕ್ಷಣ ಸ್ವಿಚ್ ಪೂರ್ತಿ ವಿದ್ಯುತ್ ಹರಿಸುವುದಿಲ್ಲ. ಮೊದಲು 10 ವೋಲ್ಟ್ ಮೀರದ ಸಣ್ಣ ವೋಲ್ಟೇಜ್ ಹಾಯಿಸಿ ಆ ಕಡೆ 25 ಕಿಲೋಓಮ್‌ನ ಪ್ರತಿರೋಧಕ ಇದೆಯೇ ಎಂದು ನೋಡುತ್ತದೆ. ಇದ್ದರೆ ಅದು ಪಿಒಇ ಉಪಕರಣ. ಬಳಿಕ ಎಷ್ಟು ವಾಟ್ ಬೇಕು ಎಂದು ಅದರ ವರ್ಗ ತಿಳಿದುಕೊಂಡು, ಆಮೇಲೆ 48 ವೋಲ್ಟ್‌ನ ಆಸುಪಾಸು ಕೊಡುತ್ತದೆ. ಆದ್ದರಿಂದಲೇ ಅದೇ ಸಾಕೆಟ್‌ಗೆ ಲ್ಯಾಪ್‌ಟಾಪ್ ಜೋಡಿಸಿದರೂ ಸುಡುವುದಿಲ್ಲ. ಅಗ್ಗದ ಕೆಲವು 'ಪ್ಯಾಸಿವ್' ಪಿಒಇ ಸಾಧನಗಳು ಏನನ್ನೂ ಕೇಳದೆ ವಿದ್ಯುತ್ ಹರಿಸುತ್ತವೆ. ಅವನ್ನು ಕಚೇರಿಗೆ ತರಬೇಡಿ.

ಪಿಒಇ ಸ್ವಿಚ್ ಕೊಳ್ಳುವಾಗ ಪೋರ್ಟ್‌ಗಳ ಸಂಖ್ಯೆಯಷ್ಟೇ ಮುಖ್ಯವಾದದ್ದು ಒಟ್ಟು ವಾಟ್. 2003ರ ಮಾನದಂಡದಲ್ಲಿ ಪೋರ್ಟ್‌ಗೆ 15.4 ವಾಟ್, 2009ರದರಲ್ಲಿ 30, 2018ರದರಲ್ಲಿ 90ರವರೆಗೆ. 24 ಪೋರ್ಟ್‌ಗೂ 15.4 ವಾಟ್ ಪೂರ್ತಿ ಕೊಡಲು 370 ವಾಟ್ ಬೇಕು. ಅದೇ 24 ಪೋರ್ಟ್‌ಗಳ ಅಗ್ಗದ ಮಾದರಿಗಳಲ್ಲಿ ಅದರ ಅರ್ಧ ಮಾತ್ರ ಇರುತ್ತದೆ. ಸಾದಾ ಐಪಿ ಫೋನ್ ತಿನ್ನುವುದು 3ರಿಂದ 6 ವಾಟ್, ಆದ್ದರಿಂದ ಬರೀ ಫೋನ್‌ಗಳಿಗೆ ಅರ್ಧವೇ ಸಾಕು. ಅದೇ ಸ್ವಿಚ್‌ಗೆ ಕ್ಯಾಮೆರಾ, ವೈ-ಫೈ ಆಕ್ಸೆಸ್ ಪಾಯಿಂಟ್‌ಗಳನ್ನೂ ಸೇರಿಸುವ ಯೋಚನೆ ಇದ್ದರೆ ಮೊದಲೇ ಲೆಕ್ಕ ಹಾಕಿ. ಒಟ್ಟು ವಾಟ್ ಮೀರಿದಾಗ ಸ್ವಿಚ್ ಕೆಲವು ಪೋರ್ಟ್‌ಗಳಿಗೆ ವಿದ್ಯುತ್ ನಿಲ್ಲಿಸುತ್ತದೆ.

ಯುಪಿಎಸ್ ಲೆಕ್ಕವನ್ನೂ ಇಲ್ಲೇ ಮಾಡಿಬಿಡೋಣ. 5 ವಾಟ್‌ನ 40 ಫೋನ್‌ಗಳಿಗೆ 200 ವಾಟ್, ಸ್ವಿಚ್ ಮತ್ತು ಪಿಬಿಎಕ್ಸ್‌ಗೆ 40 ವಾಟ್ ಎಂದಿಟ್ಟುಕೊಂಡರೆ ಒಟ್ಟು 240. 12 ವೋಲ್ಟ್‌ನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್-ಅವರ್ ಇದ್ದರೂ, ಇನ್ವರ್ಟರ್ ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ ಹೆಚ್ಚುಕಡಿಮೆ ನಾಲ್ಕೂವರೆ ಗಂಟೆ ಬರುತ್ತದೆ. ಬ್ಯಾಟರಿ ಹಳತಾದಂತೆ ಇದೂ ಇಳಿಯುತ್ತದೆ. ದಿನಕ್ಕೆ ಆರು ಗಂಟೆ ವಿದ್ಯುತ್ ಇಲ್ಲದ ತಾಲ್ಲೂಕು ಕೇಂದ್ರದಲ್ಲಿ ಒಂದು ಬ್ಯಾಟರಿ ಸಾಲದು.

ಕ್ಲೌಡ್: ಯಾರಿಗೆ ಒಳ್ಳೆಯದು, ಯಾರಿಗೆ ಅಲ್ಲ

ಕ್ಲೌಡ್ ಪಿಬಿಎಕ್ಸ್ ಎಂದರೆ ಸೇವಾದಾರರ ಡೇಟಾ ಕೇಂದ್ರದಲ್ಲಿರುವ ಐಪಿ ಪಿಬಿಎಕ್ಸ್. ಬಂಡವಾಳ ಕಡಿಮೆ, ಪ್ರತಿ ಎಕ್ಸ್‌ಟೆನ್ಷನ್‌ಗೆ ತಿಂಗಳ ಬಾಡಿಗೆ. ಬಾಡಿಗೆ ಕಟ್ಟಡದಲ್ಲಿ ಇರುವವರಿಗೆ, ಸಿಬ್ಬಂದಿಯ ಸಂಖ್ಯೆ ಏರಿಳಿಯುವವರಿಗೆ, ಹುಬ್ಬಳ್ಳಿ, ಮೈಸೂರು, ಬೆಂಗಳೂರುಗಳಲ್ಲಿ ಹರಡಿಕೊಂಡು ಅರ್ಧದಷ್ಟು ಜನ ಮನೆಯಿಂದಲೇ ಕೆಲಸ ಮಾಡುವ ಸಂಸ್ಥೆಗೆ ಇದು ನಿಜವಾಗಿಯೂ ಒಳ್ಳೆಯದು. ಒಂದೇ ಕಟ್ಟಡದಲ್ಲಿ ವರ್ಷಾನುಗಟ್ಟಲೆ ಇರುವ, ಕರೆಗಳಲ್ಲಿ ಹೆಚ್ಚಿನವು ಒಳಗಿಂದ ಒಳಗೇ ನಡೆಯುವ ಆಸ್ಪತ್ರೆ, ಹೋಟೆಲ್‌ಗಳಿಗೆ ನಾನು ಬೇಡ ಎನ್ನುತ್ತೇನೆ. ಅಲ್ಲಿ ಇಂಟರ್ನೆಟ್ ಕಡಿದುಹೋದರೆ ಮೂರನೆಯ ಮಹಡಿಯ ವಾರ್ಡಿನಿಂದ ಎರಡನೆಯ ಮಹಡಿಯ ಔಷಧಾಲಯಕ್ಕೂ ಕರೆ ಹೋಗುವುದಿಲ್ಲ. ಸ್ಥಳೀಯವಾಗಿ ಕರೆ ಉಳಿಸಿಕೊಳ್ಳುವ ಉಪಕರಣ ಕೊಡುತ್ತೀರಾ ಎಂದು ಸೇವಾದಾರರನ್ನು ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಐದು ವರ್ಷದ ಬಾಡಿಗೆಯನ್ನು ಕೂಡಿಸಿ ಪೆಟ್ಟಿಗೆಯ ಬೆಲೆಯ ಪಕ್ಕದಲ್ಲಿಡಿ. ಒಂದು ತಿಂಗಳ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಹದಿನೈದು ಜನರ ವಕೀಲರ ಅಥವಾ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಹಳೆಯ ಇಪಿಎಬಿಎಕ್ಸ್ ಚೆನ್ನಾಗಿ ನಡೆಯುತ್ತಿದ್ದರೆ ಅದನ್ನು ಮುಟ್ಟಬೇಡಿ. ಹೊರಗಿನ ಲೈನ್ ಫೈಬರ್‌ಗೆ ಬದಲಾಗಿದ್ದರೆ ಮೋಡೆಮ್ಮಿನ ಫೋನ್ ಸಾಕೆಟ್‌ನಿಂದ ಪೆಟ್ಟಿಗೆಗೆ ಒಂದು ತಂತಿ ಎಳೆದರೆ ಮುಗಿಯಿತು. ಹೊಸದಾಗಿ ಕೊಳ್ಳುವವರಾದರೆ ಸಣ್ಣ ಐಪಿ ಪಿಬಿಎಕ್ಸ್, ಎಂಟು ಪೋರ್ಟ್‌ಗಳ ಎರಡು ಮ್ಯಾನೇಜ್ಡ್ ಪಿಒಇ ಸ್ವಿಚ್.

ಹೊಸ ಕಟ್ಟಡದಲ್ಲಿ 80 ಜನರ ಸೇವಾ ಕಚೇರಿ ತೆರೆಯುತ್ತಿದ್ದರೆ ಅನಲಾಗ್ ತಂತಿ ಎಳೆಯುವ ಅಗತ್ಯವೇ ಇಲ್ಲ. ಫೋನಿನ ಬೆನ್ನಿಗೇ ಕಂಪ್ಯೂಟರ್ ಜೋಡಿಸಬಹುದಾದ್ದರಿಂದ ಮೇಜಿಗೊಂದು ಕೇಬಲ್ ಸಾಕಾಗುತ್ತದೆ, ಆದರೂ ಎರಡು ಎಳೆಸಿ. ಗೋಡೆ ಮುಚ್ಚಿದ ಮೇಲೆ ಕೇಬಲ್ ಎಳೆಯುವುದು ದುಬಾರಿ.

ಹಳೆಯ ಕಟ್ಟಡದ ಆಸ್ಪತ್ರೆ, ಕೊಠಡಿಗೊಂದರಂತೆ ಫೋನ್ ಇರುವ ಹೋಟೆಲ್, ಕಾರ್ಖಾನೆ ಇವುಗಳಲ್ಲಿ ಈಗಿರುವ ಜೋಡಿ ತಂತಿಯೇ ಆಸ್ತಿ. ಹೈಬ್ರಿಡ್ ಪೆಟ್ಟಿಗೆ ಕೊಳ್ಳಿ, ಇಲ್ಲವೇ ಐಪಿ ಪಿಬಿಎಕ್ಸ್ ಜೊತೆಗೆ 24 ಅಥವಾ 32 ಪೋರ್ಟ್‌ಗಳ ಅನಲಾಗ್ ಗೇಟ್‌ವೇ ಇಟ್ಟು ಹಳೆಯ ತಂತಿ ಮತ್ತು ಹಳೆಯ ಫೋನ್‌ಗಳನ್ನು ಉಳಿಸಿಕೊಳ್ಳಿ. ಎರಡನೆಯ ದಾರಿಯಲ್ಲಿ ಮುಂದೆ ಒಂದೊಂದೇ ಮಹಡಿಯನ್ನು ಐಪಿಗೆ ಬದಲಿಸಬಹುದು.

ಯಾವುದನ್ನೇ ಆರಿಸಿದರೂ ಹೊರಗಿನ ಕರೆಗಳನ್ನು ಐಪಿ ಮೂಲಕ ತರುವ ಸಿಪ್ ಟ್ರಂಕ್, ಪರವಾನಗಿ ಇರುವ ಟೆಲಿಕಾಂ ಸಂಸ್ಥೆಯಿಂದಲೇ ಇರಲಿ. ಇಂಟರ್ನೆಟ್‌ನಲ್ಲಿ ಬಂದ ಕರೆಗಳನ್ನು ಸಿಮ್ ಕಾರ್ಡ್‌ಗಳ ಮೂಲಕ ಸ್ಥಳೀಯ ಕರೆಗಳಾಗಿ ಬದಲಿಸುವ ಪೆಟ್ಟಿಗೆಗಳನ್ನು ಯಾರಾದರೂ ಅಗ್ಗದ ದಾರಿಯೆಂದು ತೋರಿಸಿದರೆ ದೂರವಿರಿ; ಪರವಾನಗಿ ಇಲ್ಲದೆ ಹಾಗೆ ಮಾಡುವುದು ಅಪರಾಧ. ಐಪಿ ಪಿಬಿಎಕ್ಸ್‌ನ 5060ನೇ ಪೋರ್ಟನ್ನು (ಇದು ಸಾಕೆಟ್ ಅಲ್ಲ, ಸಿಪ್ ಕರೆಗಳು ಬರುವ ತಂತ್ರಾಂಶದ ಬಾಗಿಲಿನ ಸಂಖ್ಯೆ) ಇಂಟರ್ನೆಟ್‌ಗೆ ತೆರೆದಿಟ್ಟು, ಎಕ್ಸ್‌ಟೆನ್ಷನ್ 101ಕ್ಕೆ 101 ಎಂದೇ ಗುಪ್ತಪದ ಇಟ್ಟರೆ ರಾತ್ರೋರಾತ್ರಿ ಯಾರೋ ನಿಮ್ಮ ಖರ್ಚಿನಲ್ಲಿ ವಿದೇಶಗಳಿಗೆ ಕರೆ ಮಾಡುತ್ತಾರೆ. ಅಂತರರಾಷ್ಟ್ರೀಯ ಕರೆ ಬೇಡವಾದರೆ ಟೆಲಿಕಾಂ ಸಂಸ್ಥೆಯ ಕಡೆಯಲ್ಲೇ ಅದನ್ನು ಮುಚ್ಚಿಸಿ.

ಕೊನೆಯ ಕಂತಿನ ಹಣ ಕೊಡುವ ಮುನ್ನ ನಾಲ್ಕು ವಸ್ತುಗಳನ್ನು ಕೈಗೆ ತೆಗೆದುಕೊಳ್ಳಿ: ಪಿಬಿಎಕ್ಸ್ ಮತ್ತು ಸ್ವಿಚ್‌ಗಳ ಅಡ್ಮಿನ್ ಗುಪ್ತಪದಗಳು, ಎರಡರ ಸಂರಚನೆಯ ಬ್ಯಾಕಪ್ ಫೈಲ್‌ಗಳು, ಯಾವ ಜೋಡಿ ಯಾವ ಕೋಣೆಗೆ ಹೋಗುತ್ತದೆ ಎಂಬ ಟ್ಯಾಗ್ ಬ್ಲಾಕ್ ಪಟ್ಟಿ, ಬಿಡಿಭಾಗಗಳ ದರವನ್ನು ನಮೂದಿಸಿದ ಎಎಂಸಿ (ವಾರ್ಷಿಕ ನಿರ್ವಹಣೆ) ಕರಾರು. ಆಮೇಲೆ ಮಾರಾಟಗಾರರ ಎದುರಿನಲ್ಲೇ ಕಚೇರಿಯ ಮೇನ್ ಸ್ವಿಚ್ ಆರಿಸಿ, ಯಾವ ಫೋನ್‌ಗಳು ಎಷ್ಟು ಹೊತ್ತು ಮಾತನಾಡುತ್ತವೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ.